ಮದ್ದಿನ ಶಕ್ತಿ ಎತ್ತ ಹೋಯಿತು?

ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಳೆಯ ಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಹೈದರ್-ಟಿಪ್ಪು ಕಾಲದವು. ಆಗ ಯುರೋಪಿನ ರಾಕೆಟ್‌ಗಳಿಗೆ ಕಾಗದದ ಕೊಳವೆ. ಮೈಸೂರಿನ ಕಬ್ಬಿಣದ ಕೊಳವೆಯೊಳಗೆ ಮದ್ದನ್ನು ಗಟ್ಟಿಯಾಗಿ ಜಡಿಯಬಹುದಿತ್ತು. ಒತ್ತಡವನ್ನು ಅದು ತಾಳಿಕೊಳ್ಳುತ್ತಿದ್ದುದರಿಂದ ಅನಿಲ ಇನ್ನಷ್ಟು ಜೋರಾಗಿ ಹೊರನುಗ್ಗುತ್ತಿತ್ತು.

ಆ ಅನಿಲ ಹಿಂದಿನ ಗಾಳಿಯನ್ನು ಒದ್ದು ರಾಕೆಟ್ಟನ್ನು ತಳ್ಳುತ್ತದೆಂದು ಹಲವರು ತಿಳಿದಿದ್ದಾರೆ. ರಾಕೆಟ್ಟಿಗೆ ಗಾಳಿಯ ಹಂಗಿಲ್ಲ. ಅನಿಲಕ್ಕೆ ಹಿಂದಕ್ಕೆ ಎಷ್ಟು ಸಂವೇಗವೋ (ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ) ರಾಕೆಟ್ಟಿಗೆ ಮುಂದಕ್ಕೆ ಅಷ್ಟೇ ಸಂವೇಗ. ಲೆಕ್ಕಕ್ಕೆಂದು, 3 ಕಿಲೋ ತೂಕದ ರಾಕೆಟ್ 10 ಗ್ರಾಂ ಅನಿಲವನ್ನು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಉಗುಳಿತೆನ್ನೋಣ. ರಾಕೆಟ್ಟಿಗೆ ಸಿಗುವ ವೇಗ ಸೆಕೆಂಡಿಗೆ 2.7 ಮೀಟರ್. ಸಂವೇಗವೇನೋ ಸಮಪಾಲು, ಶಕ್ತಿ ಹಾಗಲ್ಲ. ಅನಿಲಕ್ಕೆ 3200 ಜೂಲ್, ರಾಕೆಟ್ಟಿಗೆ ಬರೀ 11! ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಹಗುರಾದದ್ದೇ ಹೆಚ್ಚು ಬಾಚಿಕೊಳ್ಳುತ್ತದೆ.

ನನ್ನನ್ನು ಬೆರಗಾಗಿಸುವುದು ಇದರ ಮುಂದಿನ ಲೆಕ್ಕ. ಅದೇ ರಾಕೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹಾರುತ್ತಿರುವಾಗ ಅಷ್ಟೇ ಮದ್ದು ಉರಿದರೆ, ವೇಗ ಹೆಚ್ಚುವುದು ಅದೇ 2.7 ಮೀಟರ್. ಆದರೆ ರಾಕೆಟ್ಟಿನ ಶಕ್ತಿ ಸುಮಾರು 1600 ಜೂಲ್ ಏರುತ್ತದೆ. ಇದು ಪುಕ್ಕಟೆ ಬಂದದ್ದಲ್ಲ. ನೆಲದ ಮೇಲೆ ನಿಂತು ನೋಡಿದವರಿಗೆ ಅನಿಲ ಈಗ ಹಿಂದಕ್ಕೆ ಓಡುವುದು 600 ಮೀಟರ್ ವೇಗದಲ್ಲಿ, ಅದರ ಶಕ್ತಿ 1800 ಜೂಲ್. ಅದರಲ್ಲಿ 200 ಜೂಲ್, ಉರಿಯುವ ಮೊದಲು ರಾಕೆಟ್ಟಿನ ಜೊತೆ ಹಾರುತ್ತಿದ್ದಾಗಲೇ ಆ ಮದ್ದಿನಲ್ಲಿತ್ತು. ಅನಿಲಕ್ಕೆ ಹೊಸದಾಗಿ ಸಂದದ್ದು 1600. ಇಬ್ಬರ ಪಾಲನ್ನೂ ಕೂಡಿದರೆ ಮೊದಲಿನ ಮೊತ್ತವೇ ಬರುತ್ತದೆ. ಹಂಚಿಕೆ ಮಾತ್ರ ಬದಲಾಗಿದೆ.

ಬೆಂಗಳೂರಿನಲ್ಲಿ ಸಿದ್ಧವಾದ ಮಂಗಳಯಾನ ನಡೆದದ್ದು ಈ ಲೆಕ್ಕವನ್ನೇ ನೆಚ್ಚಿ. 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ಅದನ್ನು ಭೂಮಿಯ ಸುತ್ತಲಿನ ಕಕ್ಷೆಗೆ ಮಾತ್ರ ಮುಟ್ಟಿಸಿತ್ತು. ನೌಕೆಯಲ್ಲಿದ್ದದ್ದು 440 ನ್ಯೂಟನ್ ಎಂಜಿನ್, ಅಂದರೆ ಸುಮಾರು 45 ಕಿಲೋ ಎತ್ತುವಷ್ಟು ಬಲ. ನೌಕೆಯನ್ನು ನಿಯಂತ್ರಿಸುತ್ತಿದ್ದ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದವರು, ಅದು ಭೂಮಿಗೆ ತೀರ ಹತ್ತಿರ ಬಂದು ಅತಿವೇಗದಲ್ಲಿ ಸಾಗುವಾಗಲೇ ಎಂಜಿನ್ ಉರಿಸುತ್ತಿದ್ದರು. ದೂರದಲ್ಲಿ ನಿಧಾನವಾಗಿ ಸಾಗುವಾಗ ಉರಿಸಿದ್ದರೆ ಅಷ್ಟೇ ಇಂಧನಕ್ಕೆ ನೌಕೆಯ ಪಾಲು ಬಹಳ ಕಡಿಮೆಯಾಗುತ್ತಿತ್ತು. ಹೀಗೆ ಕಕ್ಷೆ ಹಿಗ್ಗುತ್ತ ಹೋಗಿ, ನಡುರಾತ್ರಿ ದಾಟಿ ಡಿಸೆಂಬರ್ 1 ಆದ ಮೇಲೆ ಅದೇ ಪುಟ್ಟ ಎಂಜಿನ್ ಸುಮಾರು 22 ನಿಮಿಷ ಉರಿದು ನೌಕೆಯನ್ನು ಮಂಗಳದ ಹಾದಿಗೆ ಹಚ್ಚಿತು. 2014ರ ಸೆಪ್ಟೆಂಬರ್ 24ರಂದು ಮಂಗಳ ತಲುಪಿದಾಗ ವೇಗ ತಗ್ಗಿಸಬೇಕಿತ್ತು. ಅಲ್ಲಿಯೂ ಎಂಜಿನ್ ಉರಿಸಿದ್ದು ಗ್ರಹಕ್ಕೆ ಹತ್ತಿರವಾದಾಗಲೇ.