ನಮ್ಮ ನಲ್ಲಿಯ ನೀರಿಗೂ ಕಡಲಿನ ಗಡಿಯಾರಕ್ಕೂ ನಂಟು

ಮದೀನತ್ ಜಾಯೆದ್‌ನಲ್ಲಿರುವ ನಮ್ಮ ಕಣ್ಣಿಗೆ ಕಡಲು ಬೀಳುವುದಿಲ್ಲ, ಸುತ್ತಲೂ ಮರಳೇ. ಆದರೂ ನಾವು ದಿನವೂ ಬಳಸುವುದು ಕಡಲ ನೀರನ್ನೇ. ಮಿರ್ಫಾ, ಶುವೈಹಾತ್ ಕರಾವಳಿಯ ಸ್ಥಾವರಗಳಲ್ಲಿ ಉಪ್ಪು ತೆಗೆದ ನೀರು ಕೊಳವೆಗಳ ಮೂಲಕ ಅಲ್ ದಫ್ರಾ ಪ್ರದೇಶಕ್ಕೆ ಬರುತ್ತದೆ. ಉಳಿದ ಗಾಢ ಉಪ್ಪುನೀರು ಮತ್ತೆ ಕಡಲಿಗೇ ಹೋಗುತ್ತದೆ. ಅದು ದಡದಲ್ಲೇ ನಿಂತರೆ ಮೀನಿಗೂ ಕಷ್ಟ, ಸ್ಥಾವರಕ್ಕೂ ಕಷ್ಟ. 2008–09ರಲ್ಲಿ ಈ ದೇಶದ ಕರಾವಳಿಯಲ್ಲಿ ಕೆಂಪು ಪಾಚಿ ಹಬ್ಬಿ ಕೆಲವು ಸ್ಥಾವರಗಳನ್ನೇ ನಿಲ್ಲಿಸಬೇಕಾಯಿತು. ಆದ್ದರಿಂದ ದಡದ ನೀರು ಎಷ್ಟು ದಿನದಲ್ಲಿ ಆಳಕಡಲಿಗೆ ಸರಿಯುತ್ತದೆ ಎಂಬುದು ನಮಗೂ ಸಂಬಂಧಿಸಿದ ಪ್ರಶ್ನೆ.

ಊರಲ್ಲಿ ಮಳೆಗಾಲಕ್ಕೆ ನೇತ್ರಾವತಿ, ಗುರುಪುರ ನದಿಗಳ ಕೆಂಪು ನೀರು ಅಳಿವೆ ದಾಟಿ ಕಡಲಿಗೆ ಬೆರೆಯುವುದನ್ನು ದಡದಲ್ಲಿ ನಿಂತೇ ನೋಡಬಹುದು. ಇಲ್ಲಿ ಅಂಥ ನದಿಯಿಲ್ಲ. ಕಣ್ಣಿಗೆ ಕಾಣದ ಗುರುತೇ ಬೇಕು. ಅಂಥದ್ದೊಂದು ಗುರುತು ರೇಡಿಯಂ.

ಮಣ್ಣು, ಮರಳಿನಲ್ಲಿರುವ ಯುರೇನಿಯಂ, ಥೋರಿಯಂಗಳಿಂದ ರೇಡಿಯಂ ತಾನಾಗಿ ಹುಟ್ಟುತ್ತಲೇ ಇರುತ್ತದೆ. ಸಿಹಿನೀರಿನಲ್ಲಿ ಅದು ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಉಪ್ಪುನೀರು ತಗುಲಿದರೆ ಬಿಟ್ಟು ನೀರಿಗಿಳಿಯುತ್ತದೆ. ದಡದಿಂದ ದೂರ ಹೋದಂತೆ ಹೊಸ ರೇಡಿಯಂ ಸಿಗದು, ಇದ್ದದ್ದು ಕರಗುತ್ತಾ ಹೋಗುತ್ತದೆ. ರೇಡಿಯಂ-224 ಸುಮಾರು 3.7 ದಿನಕ್ಕೆ ಅರ್ಧವಾಗುತ್ತದೆ, ರೇಡಿಯಂ-223 ಸುಮಾರು 11.4 ದಿನಕ್ಕೆ. ಬೆರೆತು ತೆಳುವಾದಾಗ ಎರಡೂ ಸಮನಾಗಿ ತೆಳುವಾಗುತ್ತವೆ. ಅವುಗಳ ಅನುಪಾತವನ್ನು ಬದಲಿಸುವುದು ಕಾಲ ಮಾತ್ರ. ಆ ಅನುಪಾತ ಸುಮಾರು ಐದೂವರೆ ದಿನಕ್ಕೆ ಅರ್ಧವಾಗುತ್ತದೆ. ದಡದಲ್ಲಿ ಅದು 10 ಇದ್ದು ಹೊರಗೆ 5 ಆಗಿದ್ದರೆ, ಆ ನೀರು ದಡ ಬಿಟ್ಟು ಐದಾರು ದಿನವಾಗಿದೆ ಎಂದು ಲೆಕ್ಕ.

ವಿಕಿರಣ ಎಂದೊಡನೆ ಬರಾಕಾ ಅಣುಸ್ಥಾವರದ ನೆನಪಾಗಿ ಯಾರೂ ಹೆದರಬೇಕಿಲ್ಲ. ಈ ರೇಡಿಯಂ ಅಲ್ಲಿಯದಲ್ಲ, ನೆಲದ್ದು. ಉಳ್ಳಾಲದ ಮರಳಿನಲ್ಲೂ ಥೋರಿಯಂ ಇದೆ. ಕಡಲ ನೀರಿನಲ್ಲಿ ಅದು ಎಷ್ಟು ಕಡಿಮೆಯೆಂದರೆ, ಅಳೆಯಲು ನೂರಾರು ಲೀಟರ್ ನೀರನ್ನು ಮ್ಯಾಂಗನೀಸ್ ಲೇಪಿಸಿದ ಅಕ್ರಿಲಿಕ್ ನಾರಿನ ಮೂಲಕ ಹಾಯಿಸಿ ಹಿಡಿಯಬೇಕು.

ಈ ವಿಧಾನವನ್ನು ಬೆಳೆಸಿದವರಲ್ಲಿ ಅಮೆರಿಕದ ವಿಲ್ಲರ್ಡ್ ಮೂರ್ ಪ್ರಮುಖರು. ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ನೆಲದಡಿಯಿಂದ ಕಡಲಿಗೆ ಸೇರುವ ನೀರು ಅಲ್ಲಿನ ನದಿಗಳ ಹರಿವಿನ ಸುಮಾರು ಶೇ. 40ರಷ್ಟಿದೆ ಎಂದು ಅವರು 1996ರಲ್ಲಿ ರೇಡಿಯಂ-226ರಿಂದಲೇ ತೋರಿಸಿದರು.

ಸರಾಸರಿ 35 ಮೀಟರ್‌ನಷ್ಟೇ ಆಳವಿರುವ ಈ ಕೊಲ್ಲಿಗೆ ಹೊರದಾರಿ ಹೊರ್ಮುಝ್ ಒಂದೇ. ಇಲ್ಲಿ ಬಿಟ್ಟದ್ದು ಬೇಗ ಹೊರಹೋಗದು. ಬಕೆಟ್ ತುಂಬಿ ಹರಿಯುವ ಮುನ್ನ ನಲ್ಲಿ ತಿರುಗಿಸಿದರೆ, ಅಷ್ಟರಮಟ್ಟಿಗೆ ಆ ಕಡಲ ಮೇಲಿನ ಹೊರೆಯೂ ಕಡಿಮೆ.