ಗ್ನೂ ಡಿಡಿರೆಸ್ಕ್ಯೂ

ಗ್ನೂ ಡಿಡಿರೆಸ್ಕ್ಯೂ ಎಂಬುದು ಕೆಡುತ್ತಿರುವ ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಸಿ.ಡಿ. ಮುಂತಾದವುಗಳಿಂದ ದತ್ತಾಂಶವನ್ನು ನಕಲು ಮಾಡಿಕೊಳ್ಳುವ ಮುಕ್ತ ತಂತ್ರಾಂಶ. ಆಂಟೋನಿಯೊ ದಿಯಾಸ್ ದಿಯಾಸ್ ಇದನ್ನು ಸಿ++ ಭಾಷೆಯಲ್ಲಿ ರಚಿಸಿದ್ದು, 2004ರಲ್ಲಿ ಮೊದಲ ಆವೃತ್ತಿ ಹೊರಬಂದಿತು. ಲಿನಕ್ಸ್ ಬಳಕೆದಾರರು ಬ್ಯಾಕಪ್ ಡಿಸ್ಕ್ ಕೈಕೊಟ್ಟಾಗ ಹೆಚ್ಚಾಗಿ ಇದನ್ನು ಬಳಸುತ್ತಾರೆ. ಮೂಲ ಕಡತಗಳನ್ನು ಅಳಿಸಿ ಬ್ಯಾಕಪ್ ಒಂದನ್ನೇ ಉಳಿಸಿಕೊಂಡಿರುವವರ ಪಾಲಿಗೆ ಆ ಡಿಸ್ಕೇ ಏಕೈಕ ಪ್ರತಿಯಾಗಿರುತ್ತದೆ.

ಕಾರ್ಯವಿಧಾನ

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿರುವ ಹಳೆಯ ಡಿಡಿ ಆದೇಶವು ಓದಲಾಗದ ಮೊದಲ ಭಾಗ ಎದುರಾದೊಡನೆ ನಿಂತುಬಿಡುತ್ತದೆ. ದೋಷವನ್ನು ಕಡೆಗಣಿಸಲು ಸೂಚಿಸಿದರೆ ಮುಂದುವರಿಯುತ್ತದೆಯಾದರೂ ಕೆಟ್ಟ ಭಾಗಗಳಲ್ಲಿ ಬಹಳ ಹೊತ್ತು ತೊಡಗಿರುತ್ತದೆ. ಅಷ್ಟರಲ್ಲಿ ಡಿಸ್ಕ್ ಪೂರ್ತಿ ನಿಂತುಹೋದರೆ ಮುಂದಿದ್ದ ಸುಸ್ಥಿತಿಯ ಭಾಗವೂ ಕೈತಪ್ಪುತ್ತದೆ. ಡಿಡಿರೆಸ್ಕ್ಯೂ ಈ ಕ್ರಮವನ್ನು ಬದಲಿಸಿತು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ದೊಡ್ಡ ತುಂಡುಗಳಾಗಿ ನಕಲಿಸಿ, ತೊಂದರೆಯ ಜಾಗಗಳನ್ನು ಹಾರಿಸಿ ಹೋಗುತ್ತದೆ. ನಂತರ ಬಿಟ್ಟ ಜಾಗಗಳ ಅಂಚುಗಳನ್ನು, ಆಮೇಲೆ ಒಳಭಾಗವನ್ನು ಸೆಕ್ಟರ್ ಸೆಕ್ಟರಾಗಿ ಓದುತ್ತದೆ. ಕೇಳಿಕೊಂಡರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಯಾವ ಭಾಗ ದೊರೆಯಿತು, ಯಾವುದು ಉಳಿಯಿತು ಎಂಬುದನ್ನು ‘ಮ್ಯಾಪ್‌ಫೈಲ್’ ಎಂಬ ಪುಟ್ಟ ಪಠ್ಯ ಕಡತದಲ್ಲಿ ಬರೆದಿಡಲಾಗುತ್ತದೆ. ಇದರಲ್ಲಿ ಕೂಡಿಸುವ ಚಿಹ್ನೆ (+) ದೊರೆತ ಭಾಗವನ್ನೂ, ಕಳೆಯುವ ಚಿಹ್ನೆ (-) ಕೆಟ್ಟ ಸೆಕ್ಟರನ್ನೂ ಸೂಚಿಸುತ್ತದೆ. ವಿದ್ಯುತ್ ಹೋದರೂ ಈ ಕಡತವಿದ್ದರೆ ನಿಂತಲ್ಲಿಂದ ಮುಂದುವರಿಸಬಹುದು. ಇದನ್ನು ಕೆಟ್ಟ ಡಿಸ್ಕಿನ ಮೇಲೆ ಇಡಬಾರದು.

ಬಳಕೆಯಲ್ಲಿ ಎಚ್ಚರ

ಕೆಟ್ಟ ಡಿಸ್ಕಿನ ಮೇಲೆ ನೇರವಾಗಿ ಎಫ್‌ಎಸ್‌ಸಿಕೆ ನಡೆಸುವುದು ಸಾಮಾನ್ಯವಾದ, ಆದರೆ ಅಪಾಯಕರವಾದ ಅಭ್ಯಾಸ. ಆ ಆದೇಶವು ಕಡತ ವ್ಯವಸ್ಥೆಯನ್ನು ಸರಿಪಡಿಸಲು ಡಿಸ್ಕಿನ ಮೇಲೆಯೇ ಬರೆಯುವುದರಿಂದ ಉಳಿದದ್ದೂ ಅಳಿಯಬಹುದು. ಆದ್ದರಿಂದ ಡಿಸ್ಕನ್ನು ಮೌಂಟ್ ಮಾಡದೆ, ಮೊದಲು ಪೂರ್ಣ ಪ್ರತಿಬಿಂಬವನ್ನು ಸಾಕಷ್ಟು ಸ್ಥಳವಿರುವ ಬೇರೊಂದು ಡಿಸ್ಕಿಗೆ ತೆಗೆದುಕೊಂಡು, ದುರಸ್ತಿಯನ್ನು ಆ ಪ್ರತಿಯ ಮೇಲೆ ಮಾಡಬೇಕು. ಆದೇಶದಲ್ಲಿ ಮೂಲ ಮೊದಲು, ಗುರಿ ನಂತರ. ಇವು ಅದಲುಬದಲಾದರೆ ಮೂಲವೇ ನಾಶವಾಗುತ್ತದೆ. ಗುರಿಯು ಇಡೀ ಡಿಸ್ಕ್ ಆಗಿದ್ದರೆ ‘ಫೋರ್ಸ್’ ಆಯ್ಕೆಯನ್ನು ಕೊಡದೆ ತಂತ್ರಾಂಶವು ಬರೆಯಲು ಒಪ್ಪುವುದಿಲ್ಲ. ಪ್ರತಿಯಲ್ಲಿ ಕಡತ ವ್ಯವಸ್ಥೆ ದುರಸ್ತಿಯಾಗದಿದ್ದರೆ ಫೋಟೊರೆಕ್ ನೆರವಾಗಬಹುದು, ಆದರೆ ಸಾಮಾನ್ಯವಾಗಿ ಕಡತಗಳ ಹೆಸರುಗಳು ಉಳಿಯುವುದಿಲ್ಲ.

ಹೆಸರಿನ ಗೊಂದಲ

ಕರ್ಟ್ ಗಾರ್ಲಾಫ್ ರಚಿಸಿದ, ನಡುವೆ ಅಡಿಗೆರೆಯಿರುವ ಡಿಡಿ_ರೆಸ್ಕ್ಯೂ ಬೇರೆಯೇ ತಂತ್ರಾಂಶ. ಡೆಬಿಯನ್‌ನಲ್ಲಿ ಗ್ನೂ ಆವೃತ್ತಿಯ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ.

ಮಿತಿಗಳು

ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಓದುವ ಹೆಡ್ ಹಾಳಾಗಿರುವ ಸಾಧ್ಯತೆಯಿದೆ. ಆಗ ವಿದ್ಯುತ್ ತೆಗೆದು ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೆ ಒಪ್ಪಿಸುವುದೇ ಸೂಕ್ತ. ಕಂಪ್ಯೂಟರ್ ಗುರುತಿಸದ ಡಿಸ್ಕನ್ನು ಡಿಡಿರೆಸ್ಕ್ಯೂ ಓದಲಾರದು.