ಒಲಿಂಪಿಯಾಡ್ ತಂಡದೊಂದಿಗೆ ವಿದೇಶಕ್ಕೆ: ಹಾದಿ ಆರಂಭವಾಗುವುದು ಶಾಲೆಯಿಂದಲೇ

ಕಲಬುರಗಿ: ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಪಾಲ್ಗೊಳ್ಳಲು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಭಾರತದ ಆರು ಮಂದಿ ವಿದ್ಯಾರ್ಥಿಗಳು ವಿದೇಶಕ್ಕೆ ತೆರಳುತ್ತಾರೆ. 2025ರಲ್ಲಿ ಆಸ್ಟ್ರೇಲಿಯಾದ ಸನ್‌ಶೈನ್ ಕೋಸ್ಟ್‌ನಿಂದ ಈ ತಂಡ ಮೂರು ಚಿನ್ನ, ಎರಡು ಬೆಳ್ಳಿ, ಒಂದು ಕಂಚಿನ ಪದಕದೊಡನೆ ಮರಳಿತು. ದೇಶಗಳ ಸಾಲಿನಲ್ಲಿ ಭಾರತಕ್ಕೆ ದೊರೆತದ್ದು ಏಳನೆಯ ಸ್ಥಾನ. ಅದರ ಹಿಂದಿನ ವರ್ಷ ಬ್ರಿಟನ್ನಿನ ಬಾತ್ ನಗರದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿಯೊಂದಿಗೆ ನಾಲ್ಕನೆಯ ಸ್ಥಾನ ಬಂದಿತ್ತು.

ಪದಕದ ಸುದ್ದಿ ಎಲ್ಲರಿಗೂ ತಲುಪುತ್ತದೆ. ಆದರೆ ಈ ತಂಡವನ್ನು ಆರಿಸುವವರು ಯಾರು, ಜೊತೆಗೆ ಹೋಗುವ ಶಿಕ್ಷಕರು ಅಲ್ಲಿ ಏನು ಮಾಡುತ್ತಾರೆ, ಖರ್ಚು ಯಾರದು ಎಂಬುದು ಬಹುತೇಕ ಪೋಷಕರಿಗೆ ತಿಳಿಯದು. ಕಲಬುರಗಿ ನಗರದ ಅಥವಾ ಇಲ್ಲಿಂದ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ವಿದ್ಯಾರ್ಥಿಯೊಬ್ಬರು ಆ ತಂಡ ಸೇರಬೇಕಾದರೆ ಮೊದಲು ದಾಟಬೇಕಾದ ಅಡ್ಡಿ ಇದೇ ಮಾಹಿತಿಯ ಕೊರತೆ.

ಬೆಂಗಳೂರಿನ ನಂಟು

ಗಣಿತ ಒಲಿಂಪಿಯಾಡ್ ಮೊದಲು ನಡೆದದ್ದು 1959ರಲ್ಲಿ, ರುಮೇನಿಯಾದಲ್ಲಿ. ಭಾರತ ಮೊದಲ ಬಾರಿ ಪಾಲ್ಗೊಂಡದ್ದು 1989ರಲ್ಲಿ, ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ. 1996ರಲ್ಲಿ ಮುಂಬೈ ನಗರವೇ ಇದರ ಆತಿಥ್ಯ ವಹಿಸಿತು.

ಕರ್ನಾಟಕಕ್ಕೂ ಈ ಸ್ಪರ್ಧೆಗೂ ಹಳೆಯ ನಂಟಿದೆ. ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಒಲಿಂಪಿಯಾಡ್ ಘಟಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿತ್ತು. ಅಲ್ಲಿದ್ದ ಸಿ.ಆರ್. ಪ್ರಾಣೇಶಾಚಾರ್ ಮತ್ತು ಬಿ.ಜೆ. ವೆಂಕಟಾಚಲ ಅವರು ತಂಡಗಳ ತರಬೇತಿಯಲ್ಲಿ ದೀರ್ಘಕಾಲ ದುಡಿದವರು. ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ 2019, 2021 ಮತ್ತು 2022ರಲ್ಲಿ ಚಿನ್ನ ಗೆದ್ದು, ಈ ಸ್ಪರ್ಧೆಯಲ್ಲಿ ಮೂರು ಚಿನ್ನ ಪಡೆದ ಮೊದಲ ಭಾರತೀಯ ಎನಿಸಿದರು.

ಆಯ್ಕೆಯ ಮೆಟ್ಟಿಲುಗಳು

ಗಣಿತ ತಂಡದ ಆಯ್ಕೆ ಐಒಕ್ಯೂಎಂ ಎಂಬ ಅರ್ಹತಾ ಪರೀಕ್ಷೆಯಿಂದ ಆರಂಭವಾಗುತ್ತದೆ. ಎಂಟರಿಂದ ಹನ್ನೆರಡನೆಯ ತರಗತಿಯವರು ಬರೆಯಬಹುದಾದ ಈ ಪರೀಕ್ಷೆಯಲ್ಲಿ 30 ಪ್ರಶ್ನೆಗಳು, 100 ಅಂಕ, ಮೂರು ಗಂಟೆ ಅವಧಿ. ಮುಂದಿನದು ಪ್ರಾದೇಶಿಕ ಒಲಿಂಪಿಯಾಡ್. ಅದರ ನಂತರ ರಾಷ್ಟ್ರೀಯ ಒಲಿಂಪಿಯಾಡ್. ಅಲ್ಲಿ ಆರು ಸಮಸ್ಯೆಗಳಿಗೆ ನಾಲ್ಕೂವರೆ ಗಂಟೆ. ಅದರಲ್ಲಿ ಆಯ್ಕೆಯಾದವರು ಬೇಸಿಗೆಯ ತರಬೇತಿ ಶಿಬಿರ ಸೇರುತ್ತಾರೆ. ಶಿಬಿರದ ಪರೀಕ್ಷೆಗಳ ಆಧಾರದ ಮೇಲೆ ಅಂತಿಮ ಆರು ಮಂದಿ ನಿಗದಿಯಾಗುತ್ತಾರೆ.

ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ, ಖಗೋಳವಿಜ್ಞಾನಗಳಿಗೆ ಬೇರೆ ದಾರಿಯಿದೆ. ಭಾರತೀಯ ಭೌತವಿಜ್ಞಾನ ಶಿಕ್ಷಕರ ಸಂಘ ಏರ್ಪಡಿಸುವ ರಾಷ್ಟ್ರೀಯ ಮಟ್ಟದ ಪರೀಕ್ಷೆಗಳು ಇದರ ಮೊದಲ ಹಂತ. ಎರಡನೆಯ ಹಂತದ ಪರೀಕ್ಷೆ ಮತ್ತು ಶಿಬಿರದ ಹೊಣೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿಯೇ ಇರುವ ಕಲಬುರಗಿಯ ವಿದ್ಯಾರ್ಥಿಗೆ ಈ ಕೇಂದ್ರ ಒಂದು ರಾತ್ರಿಯ ಪ್ರಯಾಣದಷ್ಟೇ ದೂರ.

ತಂಡದ ಗಾತ್ರ ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ಭೌತವಿಜ್ಞಾನಕ್ಕೆ ಐವರು, ರಸಾಯನವಿಜ್ಞಾನ ಮತ್ತು ಜೀವವಿಜ್ಞಾನಕ್ಕೆ ತಲಾ ನಾಲ್ವರು. ಹುಡುಗಿಯರಿಗಾಗಿಯೇ ಇರುವ ಯುರೋಪಿಯನ್ ಗಣಿತ ಒಲಿಂಪಿಯಾಡ್‌ಗೂ ಭಾರತ ನಾಲ್ವರ ತಂಡವನ್ನು ಕಳುಹಿಸುತ್ತದೆ.

‘ನಾಯಕ’ ವಿದ್ಯಾರ್ಥಿಯಲ್ಲ

ಗಣಿತ ಒಲಿಂಪಿಯಾಡ್‌ನಲ್ಲಿ ತಂಡದ ನಾಯಕ ಎಂದರೆ ವಿದ್ಯಾರ್ಥಿಯಲ್ಲ. ಜೊತೆಗೆ ತೆರಳುವ ಗಣಿತಜ್ಞ ಅಥವಾ ಪ್ರಾಧ್ಯಾಪಕ. ಇವರು ವಿದ್ಯಾರ್ಥಿಗಳಿಗಿಂತ ಕೆಲವು ದಿನ ಮೊದಲೇ ಆತಿಥೇಯ ದೇಶ ತಲುಪುತ್ತಾರೆ. ವಿವಿಧ ದೇಶಗಳು ಕಳುಹಿಸಿದ ಸಮಸ್ಯೆಗಳಿಂದ ಸಿದ್ಧವಾದ ಪಟ್ಟಿಯಲ್ಲಿ ಆರನ್ನು ಆರಿಸುವುದು ಈ ನಾಯಕರನ್ನೊಳಗೊಂಡ ಮಂಡಳಿ. ಆನಂತರ ಪ್ರತಿ ನಾಯಕರೂ ತಮ್ಮ ವಿದ್ಯಾರ್ಥಿಗಳು ಬಯಸುವ ಭಾಷೆಗೆ ಪ್ರಶ್ನೆಪತ್ರಿಕೆಯನ್ನು ಅನುವಾದಿಸಬಹುದು.

ಪ್ರಶ್ನೆಗಳನ್ನು ಬಲ್ಲವರಾದ್ದರಿಂದ ಪರೀಕ್ಷೆ ಮುಗಿಯುವವರೆಗೆ ನಾಯಕರು ತಮ್ಮ ವಿದ್ಯಾರ್ಥಿಗಳೊಡನೆ ಮಾತನಾಡುವಂತಿಲ್ಲ, ವಸತಿಯೂ ಪ್ರತ್ಯೇಕ. ಈ ಅವಧಿಯಲ್ಲಿ ಮಕ್ಕಳ ಊಟ, ಆರೋಗ್ಯ, ನಿದ್ರೆ, ಧೈರ್ಯ ಎಲ್ಲವನ್ನೂ ನೋಡಿಕೊಳ್ಳುವವರು ಉಪನಾಯಕರು. ಸ್ಥಳ ತೋರಿಸಲು ಆತಿಥೇಯರು ಪ್ರತಿ ತಂಡಕ್ಕೂ ಒಬ್ಬ ಮಾರ್ಗದರ್ಶಿಯನ್ನು ನೀಡುತ್ತಾರೆ.

ಪರೀಕ್ಷೆ ಎರಡು ದಿನ. ದಿನಕ್ಕೆ ಮೂರು ಸಮಸ್ಯೆ, ನಾಲ್ಕೂವರೆ ಗಂಟೆ. ಪ್ರತಿ ಸಮಸ್ಯೆಗೆ ಏಳರಂತೆ ಒಟ್ಟು 42 ಅಂಕ. ಮೊದಲ ಅರ್ಧ ಗಂಟೆಯಲ್ಲಿ ಪ್ರಶ್ನೆಯ ಬಗ್ಗೆ ಸಂದೇಹವಿದ್ದರೆ ವಿದ್ಯಾರ್ಥಿ ಬರೆದು ಕೇಳಬಹುದು. ಉತ್ತರವೂ ಬರಹದಲ್ಲಿಯೇ ಬರುತ್ತದೆ.

ಶಿಕ್ಷಕರ ನಿಜವಾದ ದುಡಿಮೆ ಆರಂಭವಾಗುವುದು ಅನಂತರ. ನಾಯಕ ಮತ್ತು ಉಪನಾಯಕರು ತಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಸಾಲು ಸಾಲಾಗಿ ಓದುತ್ತಾರೆ. ಬಳಿಕ ಆತಿಥೇಯರು ನೇಮಿಸಿದ ಮೌಲ್ಯಮಾಪಕರ ಮುಂದೆ ಕುಳಿತು ಯಾವ ಹಂತಕ್ಕೆ ಎಷ್ಟು ಅಂಕ ಸಲ್ಲಬೇಕೆಂದು ವಾದ ಮಂಡಿಸುತ್ತಾರೆ. ಪದಕ ದೊರೆಯುವುದು ಸ್ಪರ್ಧಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ. ಚಿನ್ನ, ಬೆಳ್ಳಿ, ಕಂಚುಗಳ ಪ್ರಮಾಣ ಸುಮಾರು 1:2:3. ಒಂದೇ ಅಂಕದಿಂದ ಪದಕದ ಬಣ್ಣ ಬದಲಾಗುವುದರಿಂದ ಈ ಚರ್ಚೆಗೆ ಬಹಳ ತೂಕವಿದೆ.

ಪಾಸ್‌ಪೋರ್ಟ್ ಸಿದ್ಧವಿರಲಿ

ಶಿಬಿರ ಮುಗಿದು ತಂಡ ಪ್ರಕಟವಾಗುವ ದಿನಕ್ಕೂ ವಿಮಾನ ಏರುವ ದಿನಕ್ಕೂ ನಡುವೆ ಉಳಿಯುವ ಕಾಲ ಕಡಿಮೆ. ಅಷ್ಟರಲ್ಲಿ ವೀಸಾ ಆಗಬೇಕು. ಆದ್ದರಿಂದ ರಾಷ್ಟ್ರೀಯ ಹಂತ ತಲುಪಿದವರು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿಬಿಡುವುದು ಒಳಿತು. ಕಲಬುರಗಿ ನಗರದಲ್ಲಿಯೇ ಪಾಸ್‌ಪೋರ್ಟ್ ಸೇವಾ ಸೌಲಭ್ಯವಿದೆ. ಕಿರಿಯರ ಪಾಸ್‌ಪೋರ್ಟ್ ಐದು ವರ್ಷ ಅಥವಾ 18 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಊರ್ಜಿತ. ಅರ್ಜಿಗೆ ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು.

ದಾಖಲೆಗಳಲ್ಲಿನ ವ್ಯತ್ಯಾಸಗಳತ್ತಲೂ ಗಮನ ಬೇಕು. ನಗರದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮುಂಚಿನ ಜನನ ಪ್ರಮಾಣಪತ್ರದಲ್ಲಿ ‘ಗುಲಬರ್ಗಾ’ ಎಂದಿರುವುದು ಸಹಜ. ಕಮಲಾಪುರ ಪ್ರತ್ಯೇಕ ತಾಲ್ಲೂಕಾಗುವುದಕ್ಕೆ ಮೊದಲಿನ ದಾಖಲೆಗಳಲ್ಲಿ ಹಳೆಯ ತಾಲ್ಲೂಕಿನ ಹೆಸರಿರುತ್ತದೆ. ಇದಕ್ಕಿಂತ ಹೆಚ್ಚು ತೊಡಕಾಗುವುದು ವಿದ್ಯಾರ್ಥಿಯ ಹೆಸರಿನದು. ಶಾಲೆಯಲ್ಲಿ ಮನೆತನದ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು, ಇನ್ನೊಂದೆಡೆ ಬರೀ ಇನಿಷಿಯಲ್ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಹಣ ಕೇಳುವವರ ಬಗ್ಗೆ ಎಚ್ಚರ

ಅಧಿಕೃತ ಒಲಿಂಪಿಯಾಡ್ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರದ ಅನುದಾನವಿದೆ. ಆಯ್ಕೆಯಾದ ತಂಡದ ವಿದೇಶ ಪ್ರಯಾಣದ ವೆಚ್ಚವನ್ನು ಪೋಷಕರು ಭರಿಸಬೇಕಿಲ್ಲ. ಆರಂಭದ ಪರೀಕ್ಷೆಗೆ ನೋಂದಣಿ ಶುಲ್ಕ ಮಾತ್ರ ಇರುತ್ತದೆ.

ಆದರೆ ‘ಒಲಿಂಪಿಯಾಡ್’ ಎಂಬ ಪದವನ್ನು ಯಾರು ಬೇಕಾದರೂ ಬಳಸಬಹುದಾಗಿದೆ. ಖಾಸಗಿ ಸಂಸ್ಥೆಗಳು ಶಾಲೆಗಳ ಮೂಲಕ ನಡೆಸುವ ಅನೇಕ ಪರೀಕ್ಷೆಗಳಿಗೂ ಇದೇ ಹೆಸರು. ಅವುಗಳಿಂದ ಅಭ್ಯಾಸವಾಗಬಹುದು, ದೇಶದ ತಂಡಕ್ಕೆ ದಾರಿಯಾಗುವುದಿಲ್ಲ. ಮಗು ವಿದೇಶದ ‘ಅಂತಿಮ ಸುತ್ತಿಗೆ’ ಆಯ್ಕೆಯಾಗಿದೆ, ಟಿಕೆಟ್ಟು ಮತ್ತು ವಸತಿಗೆ ಇಷ್ಟು ಲಕ್ಷ ಕಟ್ಟಿ ಎಂಬ ಪತ್ರ ಬಂದರೆ ಪೋಷಕರು ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಆಯ್ಕೆಯ ಹಿಂದೆ ಹೋಮಿ ಭಾಭಾ ಕೇಂದ್ರವಾಗಲಿ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯಾಗಲಿ ಇದೆಯೇ?

ಹಿಂದುಳಿದ ಜಿಲ್ಲೆಗೆ ಇದೇಕೆ?

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಡನೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಉತ್ತೀರ್ಣರಾಗುವುದೇ ಕಷ್ಟವಿರುವಲ್ಲಿ ಒಲಿಂಪಿಯಾಡ್ ಮಾತು ಏಕೆ ಎಂದು ಕೇಳುವವರಿದ್ದಾರೆ. ಆದರೆ ಒಲಿಂಪಿಯಾಡ್ ಅಳೆಯುವುದು ಕಂಠಪಾಠವನ್ನಲ್ಲ, ಕಾಣದ ಸಮಸ್ಯೆಯೊಡನೆ ಗಂಟೆಗಟ್ಟಲೆ ಸೆಣಸುವ ಶಕ್ತಿಯನ್ನು. ಅಂಥ ಶಕ್ತಿಯುಳ್ಳ ವಿದ್ಯಾರ್ಥಿ ಯಾವ ಊರಿನ ಶಾಲೆಯಲ್ಲಾದರೂ ಇರಬಹುದು. ಶಾಲೆಗೆ ಸುತ್ತೋಲೆಯೇ ತಲುಪದಿದ್ದರೆ, ತಲುಪಿದ್ದನ್ನು ಶಿಕ್ಷಕರು ತರಗತಿಯಲ್ಲಿ ಓದಿ ಹೇಳದಿದ್ದರೆ, ಆ ವಿದ್ಯಾರ್ಥಿಯ ಅವಕಾಶ ಅಲ್ಲಿಗೇ ಮುಗಿಯುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ಅಂತರರಾಷ್ಟ್ರೀಯ ಹಂತದಲ್ಲಿ ಸ್ಪರ್ಧಿಗೆ ಭಾಷೆಯ ಆಯ್ಕೆ ಇದ್ದರೂ ಅಲ್ಲಿಗೆ ತಲುಪಿಸುವ ದೇಶದೊಳಗಿನ ಪರೀಕ್ಷೆಗಳಲ್ಲಿ ಇಂಗ್ಲಿಷಿನದೇ ಮೇಲುಗೈ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಅರ್ಜಿ ತುಂಬುವಾಗಲೇ ಪ್ರಶ್ನೆಪತ್ರಿಕೆ ಯಾವ ಭಾಷೆಗಳಲ್ಲಿ ದೊರೆಯುತ್ತದೆ ಎಂದು ನೋಡಿಕೊಳ್ಳಬೇಕು. ಗಣಿತದ ಇಂಗ್ಲಿಷ್ ಪದಗಳನ್ನು ಎಂಟನೆಯ ತರಗತಿಯಿಂದಲೇ ಜೊತೆಜೊತೆಗೆ ಕಲಿಸಿದರೆ ಈ ಅಡ್ಡಿ ತಗ್ಗುತ್ತದೆ.

ಸಿದ್ಧತೆಗೆ ಹೆಚ್ಚು ಹಣ ಬೇಕಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಣಿತದ ಅರ್ಹತಾ ಪರೀಕ್ಷೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ವಿಜ್ಞಾನದವು ನವೆಂಬರ್‌ನಲ್ಲಿ ನಡೆಯುತ್ತವೆ. ನೋಂದಣಿ ಅದಕ್ಕೂ ಮೊದಲೇ ಮುಗಿಯುತ್ತದೆ. ಶಾಲೆ ಆರಂಭವಾದ ಜೂನ್ ತಿಂಗಳಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು ಹತ್ತಿರದ ಪರೀಕ್ಷಾ ಕೇಂದ್ರವನ್ನು ವಿಚಾರಿಸಿಕೊಳ್ಳುವುದು ಪೋಷಕರಿಗೆ ಅನುಕೂಲ.